ಸಿಮ್ ತೆಗೆದಿಟ್ಟ ಫೋನು

ಸಿರಸಂಗಿಯ ಎರೆಹೊಲಗಳಲ್ಲಿ ಕಡಲೆ ಕೀಳುವ ಕಾಲ.

ಇಬ್ಬನಿ ಆರಿತೆಂದರೆ ಗಿಡ ಗರಿಗರಿಯಾಗಿ ಕಾಯಿ ಉದುರುತ್ತವೆ. ಅದಕ್ಕೇ ಹೆಣ್ಣಾಳುಗಳು ಹೊತ್ತು ಮೂಡುವ ಮೊದಲೇ ಹೊಲಕ್ಕೆ ಇಳಿದಿದ್ದರು. ಸಾಲು ಹಿಡಿದು ಕೀಳುತ್ತ, ಹಿಂದೆ ಗುಂಪೆ ಹಾಕುತ್ತ, ಒಬ್ಬರನ್ನೊಬ್ಬರು ಬಯ್ದಾಡಿಕೊಂಡು ನಗುತ್ತ ಮುಂದೆ ಸರಿಯುತ್ತಿದ್ದರು.

ನಾನು ಪಕ್ಕದ ಜೋಳದ ಬೆಳೆಯೊಳಗೆ ಬೋರಲಾಗಿ ಬಿದ್ದಿದ್ದೆ.

ವೀರಪ್ಪನ ಬೂಟು ನನ್ನ ಮೂಗಿನಿಂದ ಒಂದು ಮಾರು ದೂರದಲ್ಲಿತ್ತು.

ನನ್ನ ಪಕ್ಕ ಮುದಕಪ್ಪ. ಕುರಿ ಕಾಯುವವನು. ಮೈತುಂಬ ಕಂಬಳಿ ಹೊದ್ದು ಮಣ್ಣಿನ ಹೆಂಟೆಯಂತೆ ಬಿದ್ದಿದ್ದ. ಅವನ ಅಕ್ಕ ಕುರಿ ಹಿಂಡಿನ ಜೊತೆ ಒಡ್ಡಿನ ಆಚೆ ಇದ್ದಳು. ವೀರಪ್ಪ ಹುಡುಕುತ್ತಿದ್ದುದು ಅವನನ್ನು. ಸಿಕ್ಕರೆ ಏನು ಮಾಡುತ್ತಾನೆ ಎಂಬುದರಲ್ಲಿ ನಮಗಿಬ್ಬರಿಗೂ ಅನುಮಾನವಿರಲಿಲ್ಲ.

ವೀರಪ್ಪ ಅಂಗೈಯ ಮೊಬೈಲನ್ನೇ ನೋಡುತ್ತಿದ್ದ. ಜೀಪಿನಲ್ಲಿ ಕೂತವನು ಕೇಳಿದ.

"ಇಲ್ಲೇ ತೋರಸ್ತೈತೇನಪಾ?"

"ಇಲ್ಲೇ ಎಲ್ಲೋ. ಹೊಲದಾಗ ಇದು ಭಾಳ ದೊಡ್ಡ ಸುತ್ತು ತೋರಸ್ತೈತಿ. ಊರಾಗಾದ್ರ ಮನಿ ಬಾಗಲಾನ ತೋರಸ್ತೈತಿ."

ಆ ಮಾತು ನನ್ನ ಕಿವಿಗೆ ಬಿತ್ತು. ತಲೆಗೆ ಹತ್ತಲಿಲ್ಲ. ಹತ್ತಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತೇನೋ...

ಅಷ್ಟರಲ್ಲಿ ಕಡಲೆ ಹೊಲದಿಂದ ಶಟ್ಟೆವ್ವ ಎದ್ದಳು. ಆಳುಗಳ ಗುಂಪಿನ ಹಿರಿಯಾಕೆ. ಸೊಂಟಕ್ಕೆ ಸೀರೆ ಬಿಗಿದಿದ್ದಳು. ಕೈಯಲ್ಲಿ ಕುಡಗೋಲಿತ್ತು.

"ಯಾರಲೇ ಅಂವ, ಕಡ್ಲಿ ಮ್ಯಾಲ ಗಾಡಿ ಹಾಯ್ಸಿದಾಂವ?"

"ಯವ್ವಾ, ಒಬ್ಬ ಕುರಿ ಕಾಯಾಂವ ಬಂದಾನೇನ ಈ ಕಡೆ? ಮುದಕಪ್ಪ ಅಂತ."

"ಕುರಿ ಕಾಯಾವ್ರು ಬರ್ತಾರ, ಹೊಕ್ಕಾರ. ನೀ ಮದ್ಲ ಗಾಡಿ ಹೊರಗ ತಗಿ. ಹೊಲದವ್ರು ನೋಡಿದ್ರ ನಮ್ಮ ಪಗಾರ ಹಿಡೀತಾರ."

"ಪಗಾರ ನಾ ಕೊಡ್ತೇನಿ ಬಿಡು."

"ನಿನ್ನ ಮಾರಿ ನೋಡಿದ್ರ ನಿನ್ನ ಪಗಾರನ ಯಾರೋ ಹಿಡದಂಗ ಐತಿ."

ಹೆಂಗಸರೆಲ್ಲ ನಕ್ಕರು. ನಗುತ್ತಲೇ ಎದ್ದು ಬಂದರು. ಜೀಪಿನ ಸುತ್ತ ಕುಡಗೋಲುಗಳು ಹೆಚ್ಚಾದವು. ವೀರಪ್ಪ ಉಗುಳಿ ಗಾಡಿ ಹತ್ತಿದ. ಜೀಪು ಹಿಮ್ಮುಖವಾಗಿ ಸರಿದು ದಾರಿ ಹಿಡಿಯಿತು.

"ಜೋಶ್ಯಾರ, ಇನ್ನ ಉಸರಾಡ್ರಿ," ಎಂದ ಮುದಕಪ್ಪ. "ಹೋದ್ರು."

ನಾನು ಸಮೀರ. ಸಂಪಗಾಂವದ ಜೋಶಿಯರ ಮನೆಯವನು. ನಮ್ಮಪ್ಪ ದಿಗಂಬರ ಜೋಶಿ ಪಂಚಾಂಗ ಬಿಡಿಸಿ, ಕಳೆದುಹೋದ ದನ ಯಾವ ದಿಕ್ಕಿಗೆ ಹೋಗಿದೆ ಎಂದು ಹೇಳುತ್ತಿದ್ದ. ಅರ್ಧ ಸಲ ಸಿಗುತ್ತಿತ್ತು. ಕಳೆದುಹೋದ ಮನುಷ್ಯ ಎಲ್ಲಿದ್ದಾನೆಂದು ನಾನು ಮೊಬೈಲ್ ನೋಡಿ ಹೇಳುತ್ತೇನೆ. ಸಾಮಾನ್ಯವಾಗಿ ಸಿಗುತ್ತಾನೆ. ಬೈಲಹೊಂಗಲದ ಬಜಾರದಲ್ಲಿ ನನ್ನ ಅಂಗಡಿಯ ಬೋರ್ಡಿನ ಮೇಲೆ ಮೊಬೈಲ್ ದುರಸ್ತಿ ಅಂತಷ್ಟೇ ಇದೆ. ಗೊತ್ತಿದ್ದವರು ಬೇರೆ ಕೆಲಸಕ್ಕೆ ಬರುತ್ತಾರೆ. ಓಡಿಹೋದವರು, ಜಾಮೀನು ತಪ್ಪಿಸಿಕೊಂಡವರು, ಕದ್ದ ಟ್ರ್ಯಾಕ್ಟರು...

ಹುಡುಕುವುದೇ ನನ್ನ ದಂಧೆ. ಅಡಗಿಸುವುದು ಇದೇ ಮೊದಲ ಸಲ.

ಕಳೆದ ವರ್ಷ ಮುಂಗಾರಿಗೆ ಮುಂಚೆ ಬಾಳು ಎಂಬ ಕುರಿಗಾರ ಮಲಪ್ರಭೆಯ ದಂಡೆಗೆ ಕುರಿ ಇಳಿಸಿದ್ದ. ಮರಳು ತುಂಬಿದ ಟಿಪ್ಪರ್ ಕುರಿಗಳ ಮೇಲೆ ಹಾಯಿತು. ಬಾಳು ಟಿಪ್ಪರಿನ ಮುಂದೆ ನಿಂತು ಕೈ ಅಡ್ಡ ಹಿಡಿದ. ಸ್ಟೇರಿಂಗ್ ಹಿಡಿದಿದ್ದವನು ಸಾಗರ. ಆ ಮರಳಿನ ದಂಧೆಯ ಮಾಲಕನ ಮಗ. ಅವನು ಗಾಡಿ ನಿಲ್ಲಿಸಲಿಲ್ಲ.

ಒಡ್ಡಿನ ಮೇಲಿಂದ ಅದನ್ನು ನೋಡಿದವನು ಮುದಕಪ್ಪ. ಬಾಳುವಿನ ಹೆಂಡತಿ ಕರೆವ್ವನ ತಮ್ಮ. ಕಂಡಿದ್ದನ್ನು ಪೊಲೀಸರ ಮುಂದೆ ಹೇಳಿದ. ಆ ಮೇಲೆ ಬೆದರಿಕೆ ಬಂತು. ಕುರಿ ಹೊಡೆದುಕೊಂಡು ರಾಮದುರ್ಗದ ಗುಡ್ಡಗಳ ಕಡೆ ಹೋಗಿಬಿಟ್ಟ.

ಕರೆವ್ವನ ವಕೀಲೆ ಶರ್ವರಿ ನನ್ನನ್ನು ಕರೆಸಿದಳು. ಮಾತು ಕಡಿಮೆ ಆಡುವವಳು.

"ಸೋಮವಾರ ಮುಂಜಾನೆ ಅಂವ ಕಟಕಟಿಯೊಳಗ ನಿಂದರಬೇಕು, ಸಮೀರ. ಇಲ್ಲಂದ್ರ ಕೇಸ್ ಬಿತ್ತು. ನೋಡಿದಾಂವ ಅವನೊಬ್ಬನೇ."

"ಪೊಲೀಸ್ ಕಾವಲು ಕೇಳಬೇಕಿತ್ತು."

"ಕೇಳೀನಿ. ಒಬ್ಬ ಪೇದೆನ ಕೊಡ್ತಾರಂತ. ಆ ಪೇದೆ ಯಾರ ಜೀಪಿನಾಗ ಓಡಾಡ್ತಾನ ಅನ್ನೋದು ನಿಮಗ ನಾ ಹೇಳಬೇಕೇನು?"

ಹೇಳಬೇಕಾಗಿರಲಿಲ್ಲ. ಸಾಗರನ ಬಂಟ ವೀರಪ್ಪನ ಜೀಪು ಬೈಲಹೊಂಗಲಕ್ಕೆಲ್ಲ ಗೊತ್ತು.

ನನ್ನ ಲೆಕ್ಕ ಸರಳವಿತ್ತು. ಗಾಡಿ ಬೇಡ, ಬಸ್ಸು ಬೇಡ, ಲಾಡ್ಜು ಬೇಡ. ಕುರಿ ಹಿಂಡಿನ ಜೊತೆ ನಡೆದೇ ಬರುವುದು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸಿ ಮಲಗಿಸುತ್ತಾರೆ. ಒಂದೊಂದು ರಾತ್ರಿ ಒಬ್ಬೊಬ್ಬರ ಹೊಲ. ಈ ಕಾಲದಲ್ಲಿ ಹಿಂಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಹೊರಡುವ ದಿನ ಜೊತೆಗೆ ಬರುವವರೆಲ್ಲರ ಫೋನು ಕೇಳಿದೆ. ಮುದಕಪ್ಪನದು ಬಟನ್ ಫೋನು. ಕರೆವ್ವನದು ಟಚ್ ಸ್ಕ್ರೀನು. ಆಕೆ ಕೊಡಲಿಲ್ಲ.

"ನಾ ಜಿಪಿಎಸ್ ಬಂದ್ ಮಾಡೇನ್ರಿ. ನನಗೂ ತಿಳೀತೈತಿ."

"ಜಿಪಿಎಸ್ ಬಂದ್ ಮಾಡಿದ್ರ ಆಕಾಶದ ಕಣ್ಣು ಮುಚ್ಚಿದಂಗಷ್ಟೇ, ಕರೆವ್ವ. ನೆಲದ ಕಣ್ಣು ತೆರದೇ ಇರ್ತಾವ."

"ಅಂದ್ರ?"

"ಫೋನು ಸುಮ್ಮನ ಕೂತಾಗೂ ಟಾವರಿಗೆ ನಾ ಇಲ್ಲೇ ಇದ್ದೀನಿ ಅಂತ ಹೇಳ್ತಿರ್ತದ. ಯಾವ ಟಾವರು, ಎಷ್ಟು ದೂರ... ಅಷ್ಟು ಸಿಕ್ಕರ ಊರು ಸಿಕ್ಕಿತು."

"ಸಿಮ್ ತಗದಬಿಡ್ತೇನಿ ಹಂಗಾರ."

"ಆವಾಗ ವೈಫೈ ಅದ. ಊರಾಗ ಮನಿಗೊಂದು ವೈಫೈ ಡಬ್ಬಿ. ಪ್ರತಿ ಡಬ್ಬಿ ತನ್ನ ಹೆಸರು ಕೂಗ್ತಿರ್ತದ. ನೀ ಅದಕ್ಕ ಕನೆಕ್ಟ್ ಆಗೋದೇ ಬ್ಯಾಡ. ನಿನ್ನ ಫೋನು ಹಾದಿಗುಂಟ ಆ ಹೆಸರು ಕೇಳಿಸಿಕೊಂತ ಹೋಗ್ತದ. ಯಾವ ಡಬ್ಬಿ ಯಾವ ಓಣಿಯೊಳಗ ಅದ ಅನ್ನೋದು ದೊಡ್ಡ ಕಂಪನಿಗಳ ಹತ್ರ ಮದ್ಲೇ ಬರದಿಟ್ಟದ. ಎರಡು ಹೆಸರು ಹೊಂದಿದ್ರ ಓಣಿ ಸಿಕ್ತು. ನಾಕು ಹೊಂದಿದ್ರ ಬಾಗಲಾ ಸಿಕ್ತು."

ಕರೆವ್ವ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದು ಫೋನಲ್ಲ ಬಿಡ್ರಿ. ಅತ್ತಿಮನಿ ನೆಗೆಣ್ಣಿ. ಬಾಯಿ ಮುಚ್ಚಿದ್ರೂ ಕಣ್ಣಾಗ ಚಾಡಿ ಹೇಳ್ತಾಳ."

ಫೋನು ಕೊಟ್ಟಳು. ಮೂವರ ಫೋನನ್ನೂ ಬಂದ್ ಮಾಡಿದೆ. ಸಿಮ್ ತೆಗೆದೆ. ಬಟ್ಟೆಯಲ್ಲಿ ಸುತ್ತಿ ನನ್ನ ಚೀಲದ ತಳಕ್ಕೆ ಹಾಕಿದೆ.

ಜಾಣತನ ಮಾಡಿದೆ ಅಂದುಕೊಂಡೆ.

ರಾಮದುರ್ಗ ದಾಟುವ ಮೊದಲೇ ಜೀಪು ಬಂತು. ಚಹಾ ಅಂಗಡಿಯ ಹಿಂದೆ ಸೌದೆ ರಾಶಿಯಲ್ಲಿ ಅಡಗಿ ಪಾರಾದೆವು. ಅಕಸ್ಮಾತ್ ಇರಬೇಕು ಎಂದುಕೊಂಡೆ. ಆ ಮೇಲೆ ಎರೆಭೂಮಿಯ ನಡುವೆ ನಡೆದೆವು. ಹಕ್ಕಿ ಬಿಟ್ಟರೆ ಯಾರೂ ಇಲ್ಲ. ಜೀಪೂ ಇಲ್ಲ. ಮತ್ತೆ ಸಿರಸಂಗಿಯಲ್ಲಿ ಬಂತು.

ಸವದತ್ತಿಯ ರಸ್ತೆ ದಾಟುವಾಗ ಮೂರನೆಯ ಸಲ.

ಆ ದಿನ ಸಂತೆ. ಹಿಂಡು ರಸ್ತೆಗೆ ಇಳಿದಾಗ ಎರಡೂ ಕಡೆ ಜನ, ಬೈಕು, ಟಂಟಂ. ನಡು ರಸ್ತೆಯಲ್ಲಿದ್ದಾಗ ಹಿಂದಿನಿಂದ ಹಾರ್ನ್ ಕೇಳಿತು. ತಿರುಗಿ ನೋಡಿದರೆ ಅದೇ ಜೀಪು. ಕುರಿ ಇವೆ ಎಂದು ವೇಗ ಇಳಿಸುವ ಗಾಡಿ ಅದಲ್ಲ ಅನ್ನುವುದು ನಮಗೆ ಮೊದಲೇ ಗೊತ್ತಿತ್ತು.

"ಓಡು," ಎಂದೆ.

ಮುದಕಪ್ಪ ಓಡಲಿಲ್ಲ. ಹಿಂಡಿನ ನಡುವೆ ಅವನ ಟಗರು ಇತ್ತು. ಮೈಲಾರಿ. ಕಾಳಗದ ಟಗರು. ರಾಮದುರ್ಗದ ಸುತ್ತ ಅದರ ಎದುರು ನಿಂತು ಕೊಂಬು ಉಳಿಸಿಕೊಂಡ ಟಗರಿರಲಿಲ್ಲ. ಅವನು ಅದರ ಹಗ್ಗ ಹಿಡಿದು ಎಳೆಯುತ್ತ ನಿಂತ. ಜೀಪಿನ ಕಿಟಕಿಯಿಂದ ಕಬ್ಬಿಣದ ರಾಡು ಹೊರಬಂತು. ತಮ್ಮನ ತಲೆಗೆ ಬೀಳುವುದಿತ್ತು. ಕರೆವ್ವ ನಡುವೆ ಹೊಕ್ಕಳು. ಮುಂಗೈ ಮುರಿದ ಸದ್ದು ನನಗೆ ಕೇಳಿಸಿತು.

ಆಕೆ ಕೂಗಲಿಲ್ಲ. ಕೆಳಗೆ ಕೂತುಬಿಟ್ಟಳು ಅಷ್ಟೆ.

ನಮ್ಮನ್ನು ಉಳಿಸಿದ್ದು ಕಬ್ಬಿನ ಟ್ರ್ಯಾಕ್ಟರುಗಳು. ಕಾರ್ಖಾನೆಯ ಕಡೆ ಹೊರಟ ಜೋಡಿ ಟ್ರೇಲರುಗಳ ಸಾಲು ಜೀಪಿಗೆ ಅಡ್ಡ ಬಂತು. ನಾವು ಹಿಂಡು ಹೊಡೆದುಕೊಂಡು ಟ್ರೇಲರುಗಳ ನಡುವೆ ನುಸುಳಿ ಹಳ್ಳಕ್ಕೆ ಇಳಿದೆವು.

ಹಳ್ಳದಲ್ಲಿ ಕರೆವ್ವನ ಕೈಗೆ ಬಿದಿರು ಕಟ್ಟುತ್ತಿದ್ದಾಗ ಮುದಕಪ್ಪ ನನ್ನ ಎದುರು ಬಂದು ಕುಕ್ಕರಗಾಲಲ್ಲಿ ಕೂತ. ಕೈಯಲ್ಲಿ ಕೊಡಲಿ.

"ಜೋಶ್ಯಾರ, ಒಂದ ಮಾತು. ನಮ್ಮನ್ನ ಮಾರಿಕೊಂಡೀರೇನು?"

"ಮಾರಿಕೊಂಡಿದ್ರ ನಾ ಯಾಕ ನಿನ್ನ ಜೋಡಿ ಕುರಿ ಹಿಕ್ಕಿ ಮ್ಯಾಲ ಮಲಗ್ತಿದ್ದೆ?"

"ಮತ್ತ ಯಾರ ಹೇಳಾಕ್ಹತ್ತ್ಯಾರ? ನಾ ಹೇಳಿಲ್ಲ. ಯಕ್ಕ ಹೇಳಿಲ್ಲ. ಕುರಿ ಹೇಳಾಂಗಿಲ್ಲ."

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನಾಕ ನಿಮ್ಮನ್ನ ಯಾಕ ಕರಕೊಂಡು ಬರಬೇಕಿತ್ತ್ರಿ? ಅದು ನಮಗೂ ಬರತಿತ್ತು."

"ಬಿಡೋ ತಮ್ಮಾ," ಎಂದಳು ಕರೆವ್ವ. ಹಲ್ಲು ಕಚ್ಚಿಕೊಂಡೇ. "ಕೈ ಕಟ್ಟೂತನಕಾರ ಅವ್ರನ್ನ ಬಿಡು."

ನಾನು ಬಿದಿರಿನ ಕಟ್ಟು ಬಿಗಿದೆ. ಅವನು ಹೇಳಿದ್ದು ಖರೇ ಇತ್ತು.

ಆದಿತ್ಯವಾರ ಮಧ್ಯಾಹ್ನ ದೊಡವಾಡ ತಲುಪಿದೆವು. ಕರೆವ್ವನ ಮೈದುನ ಬೀರಪ್ಪ ಊರ ಹೊರಗಿನ ಹೊಲದಲ್ಲಿ ಕಾಯುತ್ತಿದ್ದ. ಅವನ ವಶಕ್ಕೆ ಹಿಂಡು ಕೊಟ್ಟೆವು. ಬೈಲಹೊಂಗಲ ಇನ್ನು ಒಂದು ಬಸ್ಸಿನ ದಾರಿ. ನಾನು ಬೇವಿನ ಮರದ ಕೆಳಗೆ ಕೂತು ಮೊದಲಿನಿಂದ ಯೋಚಿಸಿದೆ.

ಚಹಾ ಅಂಗಡಿ. ಕಡಲೆ ಹೊಲ. ಸಂತೆಯ ರಸ್ತೆ.

ನಾವು ಒಂಟಿಯಾಗಿದ್ದಾಗ ಅವರಿಗೆ ಸಿಗಲಿಲ್ಲ. ಜನರ ನಡುವೆ ಹೋದಾಗೆಲ್ಲ ಸಿಕ್ಕೆವು. ಹಾಗಾದರೆ ನಮ್ಮ ಫೋನು ಹೇಳುತ್ತಿಲ್ಲ. ಬೇರೆಯವರ ಫೋನು ಹೇಳುತ್ತಿದೆ...

ವೀರಪ್ಪ ಆಡಿದ ಮಾತು ಈಗ ತಲೆಗೆ ಹತ್ತಿತು. ಹೊಲದಲ್ಲಿ ದೊಡ್ಡ ಸುತ್ತು. ಊರಲ್ಲಿ ಮನೆ ಬಾಗಿಲು. ಹೊಲದಲ್ಲಿ ವೈಫೈ ಡಬ್ಬಿ ಇಲ್ಲ, ಟಾವರಿನ ಅಂದಾಜೊಂದೇ. ಶಟ್ಟೆವ್ವನ ಗುಂಪಿನವರು ಹೊಲಕ್ಕೆ ಇಳಿಯುವ ಮುಂಚೆ ನಮ್ಮ ಹಟ್ಟಿಯ ಹತ್ತಿರ ನಿಂತಿದ್ದರು. ಟಗರಿನ ಮೈ ಸವರಿದ್ದರು. ಒಬ್ಬಳು ಫೋಟೋ ಕೂಡ ಹೊಡೆದುಕೊಂಡಿದ್ದಳು.

ಚೀಲದ ತಳದಿಂದ ನನ್ನ ಫೋನು ತೆಗೆದೆ. ಸಿಮ್ ಹಾಕಲಿಲ್ಲ. ಚಾಲೂ ಮಾಡಿ, ಸುತ್ತಮುತ್ತ ಬೇರೆಯವರ ಟ್ರ್ಯಾಕರ್ ಇದೆಯೇ ಎಂದು ಬ್ಲೂಟೂತಿನಲ್ಲಿ ಹುಡುಕಲು ಹಚ್ಚಿದೆ.

ಒಂದು ಸಿಕ್ಕಿತು.

ಸದ್ದು ಮಾಡಿಸುವ ಬಟನ್ ಒತ್ತಿದೆ.

ಮೈಲಾರಿಯ ಕೊರಳಿನಿಂದ ಮರಿಹಕ್ಕಿ ಚೀರಿದಂಥ ದನಿ ಬಂತು. ಟಗರು ಬೆದರಿ ತಲೆ ಕೊಡವಿತು. ಗೆಜ್ಜೆ ಝಲ್ಲೆಂದವು. ಅದರ ನಡುವೆ ಮತ್ತೆ ಚೀಂ, ಚೀಂ...

"ಏನದು?" ಮುದಕಪ್ಪ ಎದ್ದು ನಿಂತ.

"ಚಾಡಿಕೋರ," ಎಂದೆ. "ಈ ಕೊರಳಪಟ್ಟಿ ಯಾರು ಕಟ್ಟಿದ್ದು?"

ದಪ್ಪ ಚರ್ಮದ ಪಟ್ಟಿ. ಕವಡೆ, ಗೆಜ್ಜೆ, ಕೆಂಪು ಉಣ್ಣೆಯ ಗೊಂಡೆ. ಒಂದು ಕಡೆ ಹೊಲಿಗೆ ಸ್ವಲ್ಪ ಉಬ್ಬಿತ್ತು.

"ಬನ್ನಿ ಹಬ್ಬದಾಗ ಕಣದಾಗ ಗೆದ್ದಾಗ ಆಯೇರಿ, ಕಾಣಿಕಿ ಬಂದದ್ದ್ರಿ. ಯಾರೋ ಹೊಸಬ್ರು, ಟಗರಿನ ಮ್ಯಾಲ ಪ್ರೀತಿ ಇದ್ದವ್ರು. ಬೀರದೇವರ ಭಂಡಾರದ ಅರಿಷಿಣ ಹಚ್ಚಿ ತಮ್ಮ ಕೈಲೇ ಕಟ್ಟಿದ್ರು."

"ಹೆಂಗಿದ್ದ ಆ ಹೊಸಬ?"

ಅವನು ಹೇಳುತ್ತಾ ಹೋದ. ಹೇಳುತ್ತಿದ್ದಂತೆಯೇ ಅವನ ದನಿ ಸಣ್ಣದಾಯಿತು. ಹುಬ್ಬಿನ ಮೇಲೆ ಗಾಯ. ಬೂಟು. ಸಿರಸಂಗಿಯಲ್ಲಿ ಅವನು ಕಂಬಳಿಯೊಳಗಿದ್ದ, ಮುಖ ನೋಡಿರಲಿಲ್ಲ. ನಾನು ನೋಡಿದ್ದೆ.

ವೀರಪ್ಪ.

ಆ ಉಬ್ಬಿನೊಳಗೆ ಗುಂಡಿಯಷ್ಟು ದೊಡ್ಡ ಟ್ಯಾಗು. ಅದಕ್ಕೆ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ತಾನೆಲ್ಲಿದ್ದೇನೆ ಅನ್ನುವುದು ಅದಕ್ಕೇ ಗೊತ್ತಿಲ್ಲ. ಅದು ಬ್ಲೂಟೂತಿನಲ್ಲಿ ಪಿಸುಗುಡುತ್ತದೆ ಅಷ್ಟೆ. ಹತ್ತಿರ ಹಾದುಹೋದ ಯಾರದೋ ಫೋನು ಅದನ್ನು ಕೇಳಿಸಿಕೊಂಡು, ತಾನಿರುವ ಜಾಗ ಸೇರಿಸಿ ಮೇಲಕ್ಕೆ ಕಳಿಸುತ್ತದೆ. ಫೋನಿನ ಧಣಿಗೆ ಸುದ್ದಿಯೇ ಇರುವುದಿಲ್ಲ. ಚಹಾ ಅಂಗಡಿಯವನು, ಶಟ್ಟೆವ್ವ, ಸಂತೆಗೆ ಬಂದ ಸಾವಿರ ಮಂದಿ... ಒಬ್ಬರೂ ನಮ್ಮ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಎಲ್ಲರೂ ನಮ್ಮನ್ನು ಹಿಡಿದುಕೊಟ್ಟಿದ್ದರು.

ಇನ್ನೂ ಒಂದಿದೆ, ಕೇಳಿ. ಬೇರೆಯವರ ಟ್ಯಾಗು ಬೆನ್ನು ಹತ್ತಿದರೆ ಈಗಿನ ಫೋನು ತಾನೇ ಎಚ್ಚರಿಸುತ್ತದೆ. ನನ್ನ ಫೋನು ಚಾಲೂ ಇದ್ದಿದ್ದರೆ ರಾಮದುರ್ಗದಲ್ಲೇ ಕೂಗಿಕೊಳ್ಳುತ್ತಿತ್ತು. ನಾನು ಬಂದ್ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ.

ಕರೆವ್ವನ ಕೈ ನೋಡಿದೆ. ಊದಿ ಬದನೆಯ ಬಣ್ಣಕ್ಕೆ ತಿರುಗಿತ್ತು.

"ಚಾಕು ಕೊಡು. ಪಟ್ಟಿ ಕತ್ತರಿಸೋಣ."

ಮುದಕಪ್ಪ ಟಗರಿನ ಮುಂದೆ ಅಡ್ಡ ನಿಂತ.

"ಕತ್ತರಿಸಾಂಗಿಲ್ರಿ."

"ಹುಚ್ಚಿದ್ದೀಯೇನು? ಕಟ್ಟಿದಾಂವ ನಿನ್ನ ಕೊಲ್ಲಾಕ ಬಂದಾಂವ."

"ಕಟ್ಟಿದಾಂವ ಯಾರರ ಇರಲಿ, ಭಂಡಾರ ದೇವರದೈತಿ. ನಮ್ಮ ಹಟ್ಟ್ಯಾಗ ಭಂಡಾರ ಹಚ್ಚಿ ಕಟ್ಟಿದ್ದನ್ನ ಕಟ್ಟಿದ ಕೈನ ಬಿಚ್ಚಬೇಕು. ನಮ್ಮಪ್ಪನ ಕಾಲಕ್ಕೂ ಹಂಗ, ನನ್ನ ಕಾಲಕ್ಕೂ ಹಂಗ."

"ಮುದಕಪ್ಪಾ, ನಾಳೆ ಮುಂಜಾನೆ ನೀ ಕೋರ್ಟಿನೊಳಗ..."

"ಅದಕ್ಕ ಹೇಳಾಕ್ಹತ್ತೇನಿ. ನಾಳೆ ದೇವರ ಮ್ಯಾಲ ಆಣಿ ಮಾಡಿ ಖರೇ ಹೇಳಬೇಕು. ಇವತ್ತ ದೇವರದ ಕತ್ತರಿಸಿ, ನಾಳೆ ಯಾವ ಬಾಯೀಲೆ ಆಣಿ ಮಾಡ್ಲಿ? ಪಟ್ಟಿ ಕತ್ತರಿಸಿದ್ರ ನಾ ಕೋರ್ಟಿಗೆ ಬರಾಂಗಿಲ್ಲ. ಅಷ್ಟ."

ಕರೆವ್ವನ ಕಡೆ ನೋಡಿದೆ. ಆಕೆ ಮುಖ ತಿರುಗಿಸಿದಳು. ತಮ್ಮ ಹೇಳಿದ್ದು ಆಕೆಗೂ ಸರಿಯೇ.

ಸಾಗರನ ಕಡೆಯವರಿಗೆ ಫೋನಿನ ವಿಷಯ ನನಗಿಂತ ಹೆಚ್ಚು ಗೊತ್ತಿರಲಿಲ್ಲ. ಭಂಡಾರದ ವಿಷಯ ಗೊತ್ತಿತ್ತು. ಮುದಕಪ್ಪ ಫೋನು ಬಿಸಾಕಬಹುದು, ಊರು ಬಿಡಬಹುದು. ಟಗರು ಬಿಡುವುದಿಲ್ಲ, ಪಟ್ಟಿ ಬಿಚ್ಚುವುದಿಲ್ಲ. ಸಾಕ್ಷಿ ಹೇಳಲು ಹೊರಡದಿದ್ದರೆ ಅವನನ್ನು ಮುಟ್ಟುವ ಕೆಲಸವೇ ಇರಲಿಲ್ಲ. ಹೊರಟ, ಅದಕ್ಕೇ ಜೀಪು ಹೊರಟಿತು.

"ಹಂಗಾದ್ರ ಟಗರು ನನಗ ಕೊಡು," ಎಂದೆ.

"ಎಲ್ಲಿಗೆ?"

"ಇವತ್ತ ಫೋನಿಲ್ಲದ ಈ ಹೊಲದಾಗ ಇರೋಣು. ನಾಳೆ ಮುಂಜಾನೆ ಟಗರು ಕಿತ್ತೂರ ಕಡೆ ಹೋಗ್ತದ. ನೀ ಬೈಲಹೊಂಗಲಕ್ಕ ಬಸ್ ಹತ್ತು. ಅವರು ಟಗರಿನ ಬೆನ್ನು ಹತ್ತತಾರ."

ಅವನು ಮೈಲಾರಿಯ ಕೊಂಬಿನ ಬುಡ ತುರಿಸುತ್ತಿದ್ದ.

"ನನ್ನ ಕೈಯಾಗ ತಿರುಗಿ ಕೊಡ್ತೀರಿ?"

"ಕೊಡ್ತೀನಿ."

ಮಾತು ಕೊಡುವುದು ಸುಲಭ. ಬಾಯಿ ಇದ್ದರೆ ಸಾಕು.

ಸೋಮವಾರ ಮುಂಜಾನೆ ಮೇವಿನ ವ್ಯಾಪಾರಿಯೊಬ್ಬನ ಸಾಮಾನು ಸಾಗಿಸುವ ಛೋಟಾ ಹಾಥಿ ಗಾಡಿ ತಂದೆ. ಹಿಂದೆ ಮೈಲಾರಿಯನ್ನು ಕಟ್ಟಿದೆ. ದೊಡವಾಡದ ಬಸ್ ನಿಲ್ದಾಣದ ಮುಂದೆ ನಿಧಾನ ಮಾಡಿದೆ. ಕಾಲೇಜಿನ ಹುಡುಗರು, ಹಾಲಿನವರು, ಕಂಡಕ್ಟರು. ಎಲ್ಲರ ಕೈಯಲ್ಲೂ ಫೋನು. ಕೇಳಿಸಿಕೊಳ್ಳಿ ಮಕ್ಕಳೇ, ಎಂದುಕೊಂಡೆ.

ಕಿತ್ತೂರಿನ ದಾರಿಗೆ ಹೊರಳಿದ ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ಜೀಪು ಕಂಡಿತು.

ಅದೇ ಹೊತ್ತಿಗೆ ದೊಡವಾಡದಲ್ಲಿ ಮುದಕಪ್ಪ ಅಕ್ಕನ ಜೊತೆ ಬಸ್ಸು ಹತ್ತಿದ್ದ. ಬಸ್ಸಿನ ತುಂಬ ಫೋನು. ಯಾವುದಕ್ಕೂ ಅವನ ಗುರುತು ಹತ್ತಲಿಲ್ಲ.

ಹೆದ್ದಾರಿಗೆ ಬಂದೆ. ಎಕ್ಸಿಲರೇಟರ್ ತಳಕ್ಕೆ ಒತ್ತಿದೆ. ಛೋಟಾ ಹಾಥಿಗೆ ದೇವರು ಓಡುವ ವರ ಕೊಟ್ಟಿಲ್ಲ. ಲಾರಿಗಳ ನಡುವೆ ನುಸುಳಿದೆ. ಜೀಪು ಒಂದು ಸಲ ಗುದ್ದಿತು. ಎರಡನೆಯ ಸಲ ಗುದ್ದಿದಾಗ ಹಿಂದಿನ ಚಕ್ರ ಅಳ್ಳಾಡಿತು. ಕಿತ್ತೂರಿನ ಹತ್ತಿರ ಒಂದು ಧಾಬಾದ ಅಂಗಳಕ್ಕೆ ಗಾಡಿ ನುಗ್ಗಿಸಿದೆ. ಜನ ಇರುವ ಜಾಗ. ಈ ಸಲ ಬೇಕೆಂದೇ.

ವೀರಪ್ಪ ಇಳಿದು ಬಂದ. ಹಿಂದಿನ ಬಾಗಿಲು ತೆರೆದ. ಟಗರು ಅವನನ್ನು ನೋಡಿತು. ಅವನು ಟಗರನ್ನು ನೋಡಿದ.

"ಮುದಕ ಎಲ್ಲಿ?"

"ಯಾವ ಮುದಕ? ನಾ ಟಗರಿನ ವ್ಯಾಪಾರಕ್ಕ ಹೊಂಟೀನಿ."

ಅವನ ಜೊತೆಗಾರ ನನ್ನ ಎಡಗೈ ಹಿಡಿದು ಗಾಡಿಯ ಬಾಗಿಲ ಸಂದಿಗೆ ಇಟ್ಟ. ವೀರಪ್ಪ ಬಾಗಿಲು ಮುಚ್ಚಿದ. ಎರಡು ಬೆರಳು ಹೋದವು.

"ಎಲ್ಲಿ?"

ಹೇಳಿದರೆ ಜೀಪು ತಿರುಗುತ್ತದೆ. ಬೈಲಹೊಂಗಲ ಬಹಳ ದೂರವಿಲ್ಲ. ಹಲ್ಲು ಕಚ್ಚಿದೆ. ಕಂಡ ಊರಿನ ಹೆಸರೆಲ್ಲ ಹೇಳಿದೆ. ಧಾರವಾಡ ಅಂದೆ. ಬೆಳಗಾವಿ ಅಂದೆ. ಎಂ.ಕೆ. ಹುಬ್ಬಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದಾಳೆ, ಅಲ್ಲಿ ಅಂದೆ. ಒಂದೊಂದು ಹೆಸರಿಗೂ ಒಂದೊಂದು ಏಟು. ಹೊತ್ತು ಹೋಗುತ್ತಿತ್ತು. ನನಗೆ ಬೇಕಾಗಿದ್ದುದು ಅದೇ.

ಧಾಬಾದವರು, ಡ್ರೈವರುಗಳು ಸುತ್ತ ನಿಂತಿದ್ದರು. ಹತ್ತಾರು ಫೋನು ಮೇಲೆದ್ದವು. ಬಿಡಿಸಲು ಒಂದು ಕೈಯೂ ಬರಲಿಲ್ಲ.

ವೀರಪ್ಪ ಸಾಗರನಿಗೆ ಫೋನು ಹಚ್ಚಿದ. ಮತ್ತೆ ಹಚ್ಚಿದ.

"ಬಂದ್ ಬರಾಕ್ಹತ್ತೈತಿ."

"ಕೋರ್ಟಿನ ಹಾಲಿನಾಗ ಫೋನ್ ಬಂದ್ ಇಡಬೇಕು," ಎಂದೆ. ತುಟಿ ಒಡೆದು ಮಾತು ತೊದಲುತ್ತಿತ್ತು. "ಆರೋಪಿಗೂ ಅದೇ ರೂಲು."

ಆಗ ಅವನಿಗೆ ತಿಳಿಯಿತು. ನನ್ನನ್ನು ಬಿಟ್ಟ. ಗಾಡಿಯಿಂದ ಟಗರನ್ನು ಎಳೆದು ಕೆಳಗಿಳಿಸಿದ. ಸಿಟ್ಟಿನಲ್ಲಿ ಅದರ ಮೂತಿಗೆ ಬೂಟಿನಿಂದ ಒದ್ದ.

ಆ ವಿಡಿಯೋ ನೀವೂ ನೋಡಿರಬಹುದು. ಬಹಳ ಓಡಾಡಿತು. ಟಗರು ತಲೆ ತಗ್ಗಿಸಿ ಹಿಂದೆ ಹಿಂದೆ ಸರಿಯುತ್ತದೆ. ಜನ ನಗುತ್ತಾರೆ. ಆ ಮೇಲೆ ಅದು ಬರುತ್ತದೆ. ವೀರಪ್ಪನ ಮೊಣಕಾಲು ಉಲ್ಟಾ ದಿಕ್ಕಿಗೆ ಮಡಚಿಕೊಳ್ಳುತ್ತದೆ. ಅಲ್ಲಿಗೆ ವಿಡಿಯೋ ಮುಗಿಯುತ್ತದೆ.

ಮುಂದಿನದನ್ನು ಯಾರೂ ಹಾಕಲಿಲ್ಲ. ಜೊತೆಗಾರ ಜೀಪು ಹತ್ತಿ ಚಾಲೂ ಮಾಡಿದ. ಮೈಲಾರಿ ಜೀಪಿಗೂ ತಲೆ ತಗ್ಗಿಸಿ ನಿಂತಿತು. ಎದುರು ಬಂದದ್ದಕ್ಕೆ ದಾರಿ ಬಿಡುವುದು ಅದಕ್ಕೆ ಕಲಿಸಿರಲಿಲ್ಲ.

ಒಂದು ಸಲ ಹಾಯಿಸಿದ. ಹಿಂದೆ ತೆಗೆದುಕೊಂಡು ಇನ್ನೊಂದು ಸಲ.

ವೀರಪ್ಪ ನೆಲದ ಮೇಲೆ ತೆವಳಿಕೊಂಡು ಬಂದು ಟಗರಿನ ಕೊರಳಿಗೆ ಕೈ ಹಾಕಿದ. ಪಟ್ಟಿಯ ಬಿಗಿ ಸಡಿಲಿಸಿ ಬಿಚ್ಚಿಕೊಂಡ. ಪುರಾವೆ ಬಿಟ್ಟು ಹೋಗುವವನಲ್ಲ.

ಕಟ್ಟಿದ ಕೈಯೇ ಬಿಚ್ಚಿತು. ಮುದಕಪ್ಪನ ದೇವರು ಲೆಕ್ಕಕ್ಕೆ ತಪ್ಪಲಿಲ್ಲ ನೋಡಿ.

ಬೈಲಹೊಂಗಲದ ಕೋರ್ಟಿನ ಅಂಗಳಕ್ಕೆ ನಾನು ಬಂದಾಗ ಊಟದ ಹೊತ್ತು ಮುಗಿದಿತ್ತು. ಕೈಗೆ ಕಟ್ಟಿದ್ದ ಟವೆಲ್ಲು ತೊಯ್ದಿತ್ತು. ಶರ್ವರಿ ಕರಿಕೋಟು ತೋಳಿನ ಮೇಲೆ ಹಾಕಿಕೊಂಡು ಕಟ್ಟೆಯ ಹತ್ತಿರ ನಿಂತಿದ್ದಳು.

"ಹೇಳಿದ್ನಾ?"

"ಹೇಳಿದ. ಒಂದೂ ಮಾತು ತಪ್ಪಲಿಲ್ಲ. ಸಾಗರನ್ನ ಬೊಟ್ಟು ಮಾಡಿ ತೋರಿಸಿದ." ಆಕೆ ನನ್ನ ಕೈ ನೋಡಿದಳು. "ಆದ್ರ ಪಾಟೀಸವಾಲು ಆಗಿಲ್ಲ."

"ಯಾಕ?"

"ಅವರ ವಕೀಲ್ರಿಗೆ ಎದಿ ನೋವಂತ. ಮುಂದಿನ ತಿಂಗಳಕ್ಕ ತಾರೀಖು ಕೊಟ್ಟಾರ. ಅಂದು ಅಂವ ಮತ್ತ ಬರಬೇಕು. ಬರಲಿಲ್ಲಂದ್ರ ಇವತ್ತ ಹೇಳಿದ್ದೂ ನೀರಾಗ ಹೋಮ."

ಮುದಕಪ್ಪ ಕಟ್ಟೆಯಿಂದ ಎದ್ದು ಬಂದ. ನನ್ನ ಹಿಂದೆ ನೋಡಿದ. ಬಲಕ್ಕೆ ನೋಡಿದ. ನನ್ನ ಕೈಯ ಕಡೆ ನೋಡಲಿಲ್ಲ.

"ಟಗರ ಎಲ್ಲೈತ್ರಿ?"

"ಹೋತು."

"ಹೆಂಗ?"

"ಗಾಡಿ ಹಾಯ್ಸಿದ್ರು."

ಅವನು ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಕರೆವ್ವ ಕಟ್ಟೆಯ ಮೇಲೆ ಮುರಿದ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರೂ ಅಳಲಿಲ್ಲ.

"ಓಡಲಿಲ್ಲೇನ್ರಿ ಅದು?"

"ಇಲ್ಲ. ಎದುರಿಗೆ ನಿಂತಿತು."

"ಬಾಳು ಮಾವನೂ ಹಂಗ ನಿಂತಿದ್ದ." ಶರ್ವರಿಯ ಕಡೆ ನೋಡಿ ಹೇಳಿದ. "ಆ ಮತ್ತೊಂದು ತಾರೀಖಿಗೂ ಬರತೇನ್ರಿ ವಕೀಲ್ರ. ಬರಕೋರಿ."

ಆ ಮೇಲೆ ನನ್ನ ಕಡೆ ತಿರುಗಿದ.

"ತಿರುಗಿ ಕೊಡ್ತೇನಿ ಅಂದಿದ್ರಿ, ಜೋಶ್ಯಾರ."

"ಅಂದಿದ್ದೆ."

"ಬಾಕಿ ಐತಿ."

"ಗೊತ್ತದ."

ಮರುದಿನವೇ ಅವನಿಗೊಂದು ಟಗರು ಕೊಡಿಸಲು ಹೋದೆ. ಕೈ ಅಡ್ಡ ಹಿಡಿದ. ಟಗರಿಗೆ ಟಗರು ಬದಲಿ ಆಗಾಂಗಿಲ್ಲ ಎಂದ. ಹಾಗಾಗಿ ಬಾಕಿ ಹಾಗೇ ಇದೆ. ತಾರೀಖಿನವರೆಗೆ ಅವನನ್ನು ಜೀವಂತ ಇಡುವುದು ಅದರ ಬಡ್ಡಿ.

ಈಗ ಅವನನ್ನು ಎಲ್ಲಿ ಇಟ್ಟಿದ್ದೇನೆ ಎಂದು ಕೇಳುತ್ತಿದ್ದೀರಿ. ಫೋನಿಲ್ಲ, ಟಗರಿಲ್ಲ, ಪಟ್ಟಿ ಇಲ್ಲ. ಆದರೂ ಅವನು ನಡೆದ ದಾರಿಯಲ್ಲಿ ಯಾರೋ ಫೋಟೋ ಹೊಡೆಯುತ್ತಾರೆ, ಯಾರದೋ ಜೇಬು ಏನನ್ನೋ ಕೇಳಿಸಿಕೊಳ್ಳುತ್ತದೆ. ಜನರ ನಡುವೆ ಹೋಗಬಾರದು. ಜನರನ್ನು ಬಿಟ್ಟು ಎಲ್ಲಿಗೆ ಹೋಗಬೇಕು? ಮೊಬೈಲ್ ಹೊಗದ ಒಂದು ಜಾಗ ಹುಡುಕುತ್ತಿದ್ದೇನೆ. ನಿಮಗೆ ಗೊತ್ತಿದ್ದರೆ ಹೇಳಿ...

ಬೇಡ, ಹೇಳಬೇಡಿ. ನಿಮ್ಮ ಜೇಬಿನಲ್ಲೂ ಒಂದಿದೆ.